ಮೆಟಫರ್, ಮೆಟಾನಮಿ ಮತ್ತು ನಮ್ಮ ಕಿವಿ

ಇಂಗ್ಲಿಷ್ ಇಂಟರ್ನಲ್ಸ್ ಹತ್ತಿರ ಬಂದ ಕೂಡಲೇ ಫಸ್ಟ್ ಇಯರ್ ಗ್ರೂಪಲ್ಲಿ 'ಫಿಗರ್ಸ್ ಆಫ್ ಸ್ಪೀಚ್' ಅನ್ನೋ ಪಿಡಿಎಫ್ ಓಡಾಡೋಕೆ ಶುರುವಾಗುತ್ತೆ. ಅದರ ಪ್ರಕಾರ 'ಲೈಕ್' ಅಥವಾ 'ಆ್ಯಸ್' ಇದ್ದರೆ ಸಿಮಿಲಿ, ಇಲ್ಲದಿದ್ದರೆ ಮೆಟಫರ್. ಎರಡು ಮಾರ್ಕ್ಸಿಗೆ ಇದು ಸಾಕು, ಪದ್ಯ ಅರ್ಥ ಆಗೋಕೆ ಸಾಲದು. ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು ಹೇಳಿಕೊಟ್ಟ ಅಲಂಕಾರವನ್ನೇ ಇಂಗ್ಲಿಷ್ ಪದ್ಯದ ಮೇಲೆ ಪ್ರಯೋಗಿಸಿ ನೋಡಿ, ಕೆಲಸ ಸುಲಭ ಆಗುತ್ತೆ.

'ಅವನು ಅವರಪ್ಪನ ಹಾಗೇ ಇದ್ದಾನೆ' ಅನ್ನೋ ವಾಕ್ಯವನ್ನು ಇಂಗ್ಲಿಷಿಗೆ ತಂದರೆ 'ಲೈಕ್' ಬರುತ್ತೆ. ಆದರೂ ಅದು ಸಿಮಿಲಿ ಅಲ್ಲ, ಬರೀ ಹೋಲಿಕೆ. ಇಬ್ಬರೂ ಮನುಷ್ಯರೇ ತಾನೇ. 'ಹಾಸ್ಟೆಲ್ ವೈಫೈ ಮಳೆಗಾಲದ ಬಿಸಿಲಿನ ಹಾಗೆ' ಅಂದರೆ ಸಿಮಿಲಿ. ಇಲ್ಲಿ ವೈಫೈ ಉಪಮೇಯ, ಬಿಸಿಲು ಉಪಮಾನ, 'ಹಾಗೆ' ಉಪಮಾವಾಚಕ. ಯಾವಾಗ ಬರುತ್ತೋ ಯಾವಾಗ ಹೋಗುತ್ತೋ ಗೊತ್ತಾಗದೇ ಇರೋದು ಸಮಾನಧರ್ಮ. ಇಂಗ್ಲಿಷ್ ವಿಮರ್ಶಕ ಐ. ಎ. ರಿಚರ್ಡ್ಸ್ 1936ರ ತಮ್ಮ ಪುಸ್ತಕದಲ್ಲಿ ಟೆನರ್, ವೆಹಿಕಲ್ ಅಂತ ಕರೆದದ್ದು ಹೆಚ್ಚುಕಡಿಮೆ ನಮ್ಮ ಉಪಮೇಯ, ಉಪಮಾನಗಳನ್ನೇ. (ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ಗ್ರಂಥ, 9ನೇ ಶತಮಾನದ 'ಕವಿರಾಜಮಾರ್ಗ', ಅಲಂಕಾರಶಾಸ್ತ್ರದ ಪುಸ್ತಕವೇ. ಅಂದರೆ ನಮ್ಮ ಹತ್ತಿರ ಉಳಿದಿರೋ ಮೊದಲ ಪುಸ್ತಕವೇ ಒಂದು ಥರ ಟೆಕ್ಸ್ಟ್‌ಬುಕ್!)

'ಹಾಗೆ' ತೆಗೆದು ವೈಫೈಯೇ ಬಿಸಿಲು ಅಂದುಬಿಟ್ಟರೆ ರೂಪಕ, ಅಂದರೆ ಮೆಟಫರ್. ಶೇಕ್ಸ್‌ಪಿಯರನ 'ಆ್ಯಸ್ ಯು ಲೈಕ್ ಇಟ್' ನಾಟಕದಲ್ಲಿ ಜೇಕ್ವೀಸ್ ಜಗತ್ತನ್ನೇ ರಂಗಸ್ಥಳ ಮಾಡಿ, ಮನುಷ್ಯನ ಏಳು ವಯಸ್ಸುಗಳನ್ನು ಅದರ ಮೇಲೆ ನಡೆಸುತ್ತಾನೆ. ಉತ್ತರದಲ್ಲಿ 'ಇದು ಮೆಟಫರ್' ಅಂತ ಬರೆದು ನಿಲ್ಲಿಸಬೇಡಿ, ಸಮಾನಧರ್ಮವನ್ನೂ ಬರೆಯಿರಿ: ಬರೋದು, ಪಾತ್ರ ಬದಲಿಸೋದು, ಹೋಗೋದು.

ಎಲ್ಲರನ್ನೂ ಕಾಡೋದು ಮೆಟಾನಮಿ. 'ಜೂಲಿಯಸ್ ಸೀಸರ್' ನಾಟಕದಲ್ಲಿ ಸೀಸರ್‌ನ ಹೆಣದ ಮುಂದೆ ನಿಂತು ಆಂಟನಿ ರೋಮಿನ ಜನರ ಕಿವಿಯನ್ನು ಸಾಲ ಕೇಳುತ್ತಾನೆ. ಬಹಳ ಜನ ಇದನ್ನು ಮೆಟಫರ್ ಅಂತ ಬರೀತಾರೆ. ಸಮಾನಧರ್ಮ ಹುಡುಕಿ ನೋಡಿ. ಕಿವಿಗೂ ಗಮನಕ್ಕೂ ಏನು ಹೋಲಿಕೆ? ಏನೂ ಇಲ್ಲ, ಸಂಬಂಧ ಮಾತ್ರ ಇದೆ. ಹೋಲಿಕೆ ಇಲ್ಲದೆ ಬರೀ ಸಂಬಂಧದಿಂದ ಒಂದರ ಹೆಸರಲ್ಲಿ ಇನ್ನೊಂದನ್ನು ಹೇಳಿದರೆ ಅದು ಮೆಟಾನಮಿ. ನಾವೂ 'ಕಿವಿಗೊಡಿ' ಅಂತೀವಲ್ಲ, ಅದೂ ಇದೇ. 'ವಿಧಾನಸೌಧ ಒಪ್ಪಿದೆ' ಅಂದಾಗ ಕಟ್ಟಡ ತಲೆಯಾಡಿಸಿರಲ್ಲ. ಆದರೆ 'ಹೊಟ್ಟೆಕಿಚ್ಚು' ಮೆಟಫರ್, ಯಾಕಂದ್ರೆ ಬೆಂಕಿಗೂ ಅಸೂಯೆಗೂ ಸುಡೋ ಗುಣ ಸಮಾನ. ಭಾರತೀಯ ಕಾವ್ಯಮೀಮಾಂಸೆಯಲ್ಲಿ ಮೆಟಾನಮಿಯಂಥದ್ದು 'ಲಕ್ಷಣೆ'ಯ ಕೆಳಗೆ ಬರುತ್ತೆ. ಅದರ ಹಳೇ ಉದಾಹರಣೆ 'ಗಂಗೆಯಲ್ಲಿ ಹಳ್ಳಿ'. ಹಳ್ಳಿ ನೀರಿನ ಮೇಲೆ ತೇಲಲ್ಲ, ದಡದಲ್ಲಿರುತ್ತೆ.

ಐರನಿಗೂ ಆಂಟನಿಯೇ ಸಾಕು. ಬ್ರೂಟಸ್ ಮಾನವಂತ ಅಂತ ಅವನು ಹೇಳ್ತಾ ಹೇಳ್ತಾ ಜನರಿಗೆ ಉಲ್ಟಾ ಅರ್ಥವೇ ಕೇಳಿಸತೊಡಗುತ್ತೆ. ಇದು ನಮ್ಮ ವ್ಯಾಜಸ್ತುತಿಗೆ ಹತ್ತಿರ. ಆದರೆ ಡ್ರಮ್ಯಾಟಿಕ್ ಐರನಿ ಬೇರೆ. ಗೋರಿಯೊಳಗೆ ಜೂಲಿಯೆಟ್ ಸತ್ತಿದ್ದಾಳೆ ಅಂತ ರೋಮಿಯೋ ನಂಬುತ್ತಾನೆ, ಅವಳು ಬರೀ ಮದ್ದಿನ ನಿದ್ದೆಯಲ್ಲಿದ್ದಾಳೆ ಅಂತ ನಮಗೆ ಗೊತ್ತು. ಅವನ ಮಾತಲ್ಲಿ ವ್ಯಂಗ್ಯ ಇಲ್ಲ, ವ್ಯತ್ಯಾಸ ಇರೋದು ಅವನಿಗೆ ಗೊತ್ತಿರೋದಕ್ಕೂ ನಮಗೆ ಗೊತ್ತಿರೋದಕ್ಕೂ ನಡುವೆ. ಸ್ಕೂಲಿನ ಅಲಂಕಾರದ ಪಟ್ಟಿಯಲ್ಲಿ ಇದಕ್ಕೆ ಜಾಗ ಇಲ್ಲ.

ಉತ್ಪ್ರೇಕ್ಷೆಯ ಕಥೆ ಉಲ್ಟಾ. 'ಲ್ಯಾಬಿನ ಕಂಪ್ಯೂಟರ್ ಆನ್ ಆಗೋದು ನೋಡಿದ್ರೆ, ಒಳಗೆ ಯಾರೋ ಇನ್ನೂ ಹಲ್ಲುಜ್ಜುತ್ತಿದ್ದಾರೇನೋ!' ಇಂಥ ಕಲ್ಪನೆಗೆ ನಮ್ಮಲ್ಲಿ ಪ್ರತ್ಯೇಕ ಹೆಸರಿದೆ. ಇಂಗ್ಲಿಷ್ ನೋಟ್ಸಲ್ಲಿ 'ಆ್ಯಸ್ ಇಫ್' ಕಂಡರೆ ಸಿಮಿಲಿ ಅಂದು ಮುಗಿಸ್ತಾರೆ.

ಅಲಿಟರೇಶನ್ನನ್ನು ಸುಮ್ಮನೆ ಪ್ರಾಸ ಅನ್ನಬೇಡಿ, ಅನುಪ್ರಾಸ ಅನ್ನಿ. ಇಂಗ್ಲಿಷಲ್ಲಿ ಮುಖ್ಯವಾಗಿ ಪದದ ಮೊದಲ ಧ್ವನಿ ಮರುಕಳಿಸಬೇಕು. ನಮ್ಮ ಹಳಗನ್ನಡದ ಆದಿಪ್ರಾಸದಲ್ಲಿ ಪ್ರತಿ ಸಾಲಿನ ಎರಡನೇ ಅಕ್ಷರ. ಇನ್ನು ಆನೊಮಟೋಪಿಯ, ಅದರ ಸ್ಪೆಲಿಂಗ್ ಒಂದೇ ಕಷ್ಟ. ಚಟಪಟ, ದಡದಡ, ಗೊರಗೊರ ಅನ್ನೋರಿಗೆ ಉಳಿದದ್ದನ್ನು ಯಾರೂ ಹೇಳಿಕೊಡಬೇಕಾಗಿಲ್ಲ.