ಬ್ರೇಕಿಗೆ ಕೈ ಹಾಕುವ ಮೊದಲು: ಹಳೆ ಸೈಕಲ್ಲು ಕಲಿಸಿದ ಏಳು ಪಾಠಗಳು

ಅಟ್ಟದಿಂದಲೋ ಹಿತ್ತಲಿನಿಂದಲೋ ಹೊರಬಂದ ಹಳೆಯ ರ್‍ಯಾಲಿ, ಹರ್ಕ್ಯುಲಿಸ್, ಹಂಬರ್ ಸೈಕಲ್ಲುಗಳ ದೂರು ಹೆಚ್ಚಾಗಿ ಎರಡೇ: ಮುಂದಿನ ಬ್ರೇಕ್ ಒಂದು ಕಡೆ ಕಚ್ಚುತ್ತದೆ, ಹ್ಯಾಂಡಲ್ ಒಂದು ಕಡೆಗೆ ಎಳೆಯುತ್ತದೆ. ಕೂಡಲೇ ಬ್ರೇಕಿಗೆ ಸ್ಪ್ಯಾನರ್ ಹಾಕುವುದು ರೂಢಿ. ಆದರೆ ದೋಷ ಬಹುಪಾಲು ಇರುವುದು ಗಾಲಿಯಲ್ಲಿ, ಇಲ್ಲವೇ ಫೋರ್ಕಿನಲ್ಲಿ. ರಾಡ್ ಬ್ರೇಕಿನ ಈ ಸೈಕಲ್ಲುಗಳ ಜೊತೆ ದುಡಿದು ನಾನು ಕಲಿತ ಕ್ರಮ ಹೀಗಿದೆ.

1. ಆಕ್ಸಲ್ ಸರಿಯಾಗಿ ಕೂತಿದೆಯೇ ನೋಡಿ. ಸೈಕಲ್ ನೆಲದ ಮೇಲಿರುವಾಗಲೇ ಎರಡೂ ನಟ್ ಸಡಿಲಿಸಿ, ಹ್ಯಾಂಡಲನ್ನು ಕೆಳಕ್ಕೊತ್ತಿ ಮತ್ತೆ ಬಿಗಿ ಮಾಡಿ. ಫೋರ್ಕ್ ತುದಿಯ ಸೀಳಿನಲ್ಲಿ ತುಕ್ಕು, ಬಣ್ಣ ಕಟ್ಟಿದ್ದರೆ ಕೆರೆದು ತೆಗೆಯಿರಿ. ಅಲ್ಲಿ 1 ಮಿ.ಮೀ. ಏರುಪೇರಾದರೂ ಮೇಲೆ ಬ್ರೇಕಿನ ಹತ್ತಿರ ರಿಮ್ ಸುಮಾರು 3 ಮಿ.ಮೀ. ವಾಲುತ್ತದೆ.

2. ಗಾಲಿಯನ್ನು ಎಡಬಲ ಮಾಡಿ ಹಾಕಿ. ರಿಮ್ ಬಲಕ್ಕೆ ವಾಲಿದೆ ಅನ್ನಿ. ಗಾಲಿ ಬಿಚ್ಚಿ ತಿರುಗಿಸಿ ಹಾಕಿದ ಮೇಲೂ ಬಲಕ್ಕೇ ವಾಲಿದರೆ ದೋಷ ಫೋರ್ಕಿನದು. ಎಡಕ್ಕೆ ಬಂದರೆ ಗಾಲಿಯದು. ಇಷ್ಟು ಖಚಿತವಾದ, ಖರ್ಚಿಲ್ಲದ ಪರೀಕ್ಷೆ ಇನ್ನೊಂದಿಲ್ಲ.

3. ಗಾಲಿಯ ಕುಣಿತ ಯಾವ ಬಗೆಯದೆಂದು ಗುರುತಿಸಿ. ರಾಡ್ ಬ್ರೇಕಿನ ರಬ್ಬರುಗಳು ರಿಮ್ಮಿನ ಪಕ್ಕಗಳನ್ನು ಹಿಡಿಯುವುದಿಲ್ಲ. ಹಬ್ಬಿನತ್ತ ಮುಖ ಮಾಡಿದ ಒಳಮೈಯನ್ನು ಮೇಲಕ್ಕೆ ಒತ್ತುತ್ತವೆ. ಹಾಗಾಗಿ ಎಡಬಲದ ಸಣ್ಣ ಬೆಂಡನ್ನು ಈ ಬ್ರೇಕ್ ತಡೆದುಕೊಳ್ಳುತ್ತದೆ, ಮೇಲೆಕೆಳಗಿನ ಕುಣಿತವನ್ನು ತಡೆಯದು. ಸುತ್ತಿಗೊಮ್ಮೆ ಬ್ರೇಕ್ ಹಿಡಿದು ಬಿಡುತ್ತಿದ್ದರೆ ಕಾರಣ ಇದೇ. ಕೇಬಲ್ಲಿನ ಕ್ಯಾಲಿಪರ್ ಬ್ರೇಕಿನಲ್ಲಿ ಇದು ತಿರುವುಮುರುವು. ಕುಣಿತ ತಿದ್ದುವಾಗ ಮುಂದಿನ ಗಾಲಿಯ 32 ಕಡ್ಡಿಗಳ ನಿಪ್ಪಲನ್ನು ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ.

4. ಫೋರ್ಕನ್ನು ಪಕ್ಕದಿಂದ ನೋಡಿ. ಅದರ ಮೇಲ್ಭಾಗದ ನೆಟ್ಟನೆಯ ಕಾಲುಗಳು ಹ್ಯಾಂಡಲ್ ಇಳಿಯುವ ಹೆಡ್ ಪೈಪಿನ ಗೆರೆಯಲ್ಲೇ ಸಾಗಬೇಕು. ಅಲ್ಲಿಂದ ಹಿಂದಕ್ಕೆ ಮಡಿದಿದ್ದರೆ ಸೈಕಲ್ ಎಲ್ಲೋ ಗುದ್ದಿದೆ. ಒಂದು ಕಾಲು ಇನ್ನೊಂದನ್ನು ಪೂರ್ತಿ ಮರೆಮಾಡದಿದ್ದರೆ ಫೋರ್ಕ್ ತಿರುಚಿದೆ. ಹೆಡ್ಡಿನ ಹಿಂದೆ ಫ್ರೇಮ್ ಪೈಪುಗಳ ಅಡಿಯನ್ನು ಬೆರಳಿನಿಂದ ಸವರಿ. ಬಣ್ಣ ಸುಕ್ಕುಗಟ್ಟಿದ್ದರೆ ಪೆಟ್ಟು ಫ್ರೇಮಿಗೂ ತಾಗಿದೆ.

5. ಹೆಡ್ಡಿನ ಗುಂಡುಗಳನ್ನು ಪರೀಕ್ಷಿಸಿ. ಮುಂದಿನ ಬ್ರೇಕ್ ಹಿಡಿದು ಸೈಕಲ್ಲನ್ನು ಹಿಂದೆಮುಂದೆ ಆಡಿಸಿ. ಹೆಡ್ಡಿನ ಬಳಿ ‘ಟಕ್’ ಎಂದರೆ ಸಡಿಲವಾಗಿದೆ. ಮುಂಭಾಗ ಎತ್ತಿ ಹ್ಯಾಂಡಲ್ ತಿರುಗಿಸಿದಾಗ ನಡುವಿನಲ್ಲಿ ಸಿಕ್ಕಿ ನಿಂತರೆ ಬಟ್ಟಲಿನಲ್ಲಿ ಗುಳಿ ಬಿದ್ದಿದೆ, ಬದಲಿಸಬೇಕು. ನಾಟಿಂಗ್‌ಹ್ಯಾಮಿನ ಹಳೆ ರ್‍ಯಾಲಿ ಹೆಡ್ಡುಗಳಲ್ಲಿ ಇಂಚಿಗೆ 26 ಮರೆ (ಥ್ರೆಡ್), ಬೇರೆ ಬಹುತೇಕ ಬ್ರಿಟಿಷ್ ಸೈಕಲ್ಲುಗಳಲ್ಲಿ 24. ನಟ್ ಕೈಯಲ್ಲಿ ಸಲೀಸಾಗಿ ಏರದಿದ್ದರೆ ಬಲವಂತ ಮಾಡಬೇಡಿ.

6. ಬ್ರೇಕಿನ ಸರದಿ ಕೊನೆಗೆ. ಫೋರ್ಕಿನ ಎರಡೂ ಕಾಲಿಗೆ ಕಟ್ಟಿದ ಗೈಡುಗಳು ಒಂದೇ ಎತ್ತರದಲ್ಲಿದ್ದು, ಬ್ರೇಕಿನ ಕಮಾನು ಅವುಗಳೊಳಗೆ ತಡೆಯಿಲ್ಲದೆ ಜಾರಬೇಕು. ಎರಡೂ ರಬ್ಬರು ಒಟ್ಟಿಗೇ ರಿಮ್ ಮುಟ್ಟಬೇಕು. ಹ್ಯಾಂಡಲ್ ಎತ್ತರಿಸಿದರೆ ಅದರ ಜೊತೆ ಬ್ರೇಕೂ ಮೇಲೇರಿ ಕಚ್ಚಿಕೊಳ್ಳುತ್ತದೆ. ಆಗ ಮುಂದಿನ ಸರಳಿನ ಜೋಡಣೆ ಸಡಿಲಿಸಿ ಅಳತೆ ಸರಿಪಡಿಸಲೇಬೇಕು. ಮಳೆಯಲ್ಲಿ ಉಕ್ಕಿನ ರಿಮ್ ಮೇಲೆ ಬ್ರೇಕಿನ ಹಿಡಿತ ತೀರಾ ಕುಸಿಯುತ್ತದೆಂಬುದೂ ನೆನಪಿರಲಿ.

7. ಬೆಂಕಿ ತೋರಿಸಬೇಡಿ. ಉಕ್ಕಿನ ಫೋರ್ಕಿನ ಸಣ್ಣ ಬಾಗನ್ನು ಅನುಭವಸ್ಥರು ತಣ್ಣಗಿರುವಾಗಲೇ ತಿದ್ದಬಲ್ಲರು. ಕಾಯಿಸಿದರೆ ಬೆಸುಗೆಯ ಕೂಡು ದುರ್ಬಲವಾಗುತ್ತದೆ. ಕೂದಲೆಳೆಯಷ್ಟು ಬಿರುಕು ಕಂಡರೂ ಆ ಫೋರ್ಕನ್ನು ಗುಜರಿಗೆ ಹಾಕಿ. ಹಳೆಯ ಸೈಕಲ್ಲಿನ ಮೇಲೆ ಪ್ರೀತಿ ಎಷ್ಟೇ ಇರಲಿ, ಓಡುತ್ತಿರುವಾಗ ಮುರಿದ ಫೋರ್ಕಿನಿಂದ ಸವಾರನನ್ನು ಉಳಿಸುವ ಬ್ರೇಕ್ ಯಾವುದೂ ಇಲ್ಲ.