ನೀರಿನ ಎತ್ತರವೂ ಅದರ ಶಕ್ತಿಯೂ

“ಮೀಟರಿನಿಂದ ಅಳೆಯುವುದು ಎತ್ತರವನ್ನಲ್ಲವೇ? ಶಕ್ತಿಯನ್ನೂ ಹಾಗೆ ಅಳೆಯಬಹುದೇ, ಅಮ್ಮನವರೇ?” ಎಂದು ತರಗತಿಯಲ್ಲಿ ಪ್ರತಿವರ್ಷವೂ ಒಬ್ಬಳಾದರೂ ಕೇಳುವುದುಂಟು. ಪ್ರಶ್ನೆಯು ಯೋಗ್ಯವಾದುದೇ.

ನಮ್ಮ ಅಮ್ಮತ್ತಿಯ ಕಾಫಿತೋಟವೊಂದರ ಏರಿನಲ್ಲಿ, ಮನೆಯ ನಲ್ಲಿಗಿಂತ 10 ಮೀಟರ್ ಮೇಲೆ ನೀರಿನ ತೊಟ್ಟಿಯಿದೆಯೆಂದು ಭಾವಿಸಿರಿ. ಅಲ್ಲಿಂದ 1 ಕಿಲೋಗ್ರಾಂ ತೂಕದ ನೀರು ಇಳಿದರೆ 10 ಕಿಲೋಗ್ರಾಂ-ಮೀಟರ್ ಕೆಲಸವನ್ನು ಮಾಡಬಲ್ಲದು. 5 ಕಿಲೋಗ್ರಾಂ ಇಳಿದರೆ 50. ಕೆಲಸವನ್ನು ತೂಕದಿಂದ ಭಾಗಿಸಿದರೆ ಎರಡರಲ್ಲಿಯೂ ಉಳಿಯುವುದು 10 ಮೀಟರ್ ಮಾತ್ರವೇ. ಒಂದು ಮಾನ ತೂಕದ ನೀರಿಗಿರುವ ಶಕ್ತಿಯೆಂದರೆ ಇದೇ.

ನಲ್ಲಿಯು ಮುಚ್ಚಿರುವಾಗ ಆ ಶಕ್ತಿಯು ಕೆಳಗೆ ಒತ್ತಡವಾಗಿ ನಿಲ್ಲುವುದು: ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದಷ್ಟು. ಇದನ್ನು ಎತ್ತರವಾಗಿ ಹೇಳಿದಾಗ ‘ಪ್ರೆಷರ್ ಹೆಡ್’, ಎಂದರೆ ಒತ್ತಡದ ಎತ್ತರ, ಎನ್ನುವರು. ನಲ್ಲಿಯನ್ನು ತೆರೆದೊಡನೆ ಅದು ವೇಗವಾಗಿ ಮಾರ್ಪಡುವುದು. ಕೊಳವೆಯ ಘರ್ಷಣೆಯಿಂದ ಸ್ವಲ್ಪ ನಷ್ಟವೂ ಆಗುವುದು.

ಆದಕಾರಣ, ಒತ್ತಡ ಸಾಲದೆ ನೀರು ಸಣ್ಣಗೆ ಬಂದರೆ ಅಗಲವಾದ ತೊಟ್ಟಿಯನ್ನು ಕಟ್ಟಿಸಿ ಹಣ ಕಳೆಯಬೇಡಿರಿ, ತೊಟ್ಟಿಯನ್ನು ಎತ್ತರಿಸಿರಿ. ಅಗಲವು ನೀರಿನ ಮೊತ್ತವನ್ನು ಹೆಚ್ಚಿಸುವುದೇ ಹೊರತು ಒತ್ತಡವನ್ನಲ್ಲ.

ನಮ್ಮ ಕೊಡಗಿನಲ್ಲಿ ಹುಟ್ಟಿದ ಕಾವೇರಿಯು ಶಿವನಸಮುದ್ರದಲ್ಲಿ ಸುಮಾರು 120 ಮೀಟರ್ ಇಳಿದು, 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕೊಟ್ಟುದೂ ಹೀಗೆಯೇ: ಹರಿವಿನ ಮೊತ್ತದೊಡನೆ ಎತ್ತರವೂ ಕೂಡಿದ್ದರಿಂದ.