ಅಪ್ಪನ ದನಿ ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ: ತಮ್ಮನ ಮದುವೆಯ ಮಿನಿ ಡಿವಿ ಕ್ಯಾಸೆಟ್‌ಗಳು ನಮ್ಮಲ್ಲಿವೆ. ಅವುಗಳಲ್ಲಿ ಅಪ್ಪ ಮಾತಾಡಿದ್ದಾರೆ, ಈಗ ಅವರಿಲ್ಲ. ಹ್ಯಾಂಡಿಕ್ಯಾಮ್ ಇನ್ನೂ ಓಡುತ್ತದೆ. ಹೊಸ ಲ್ಯಾಪ್‌ಟಾಪ್‌ಗೆ ಜೋಡಿಸಲು ಫೈರ್‌ವೈರ್–ಯುಎಸ್‌ಬಿ ಕೇಬಲ್ ತರಿಸಿದೆ, ಏನೂ ಬರುತ್ತಿಲ್ಲ. ಕ್ಯಾಸೆಟ್ ಹಾಳಾಗಿದೆಯೇ?
– ಓದುಗರು, ಸಾಗರ

ಉತ್ತರ: ಹ್ಯಾಂಡಿಕ್ಯಾಮ್‌ನ ಪರದೆಯಲ್ಲಿ ಚಿತ್ರವೂ ದನಿಯೂ ಬರುತ್ತಿದ್ದರೆ ಧೈರ್ಯವಾಗಿರಿ, ಕ್ಯಾಸೆಟ್ ಚೆನ್ನಾಗಿದೆ. ತೊಂದರೆ ಇರುವುದು ಕೇಬಲ್‌ನಲ್ಲಿ. ಫೈರ್‌ವೈರ್, ಯುಎಸ್‌ಬಿ ಎರಡೂ ಮಾಹಿತಿ ಸಾಗಿಸುವ ಕ್ರಮವೇ ಬೇರೆ. ತುದಿಯ ಪಿನ್ ಬದಲಿಸಿದ ಮಾತ್ರಕ್ಕೆ ವಿಡಿಯೊ ದಾಟಿ ಬರುವುದಿಲ್ಲ. ಇಂಥ ಕೇಬಲ್‌ಗಳನ್ನು ಇನ್ನೂ ಮಾರುತ್ತಿರುವುದು ಅನ್ಯಾಯ.

ಹಾಗಾಗಿ ಫೈರ್‌ವೈರ್‌ನಲ್ಲೇ ಜೋಡಿಸಲು ಮನೆಯಲ್ಲೋ ನೆಂಟರಲ್ಲೋ ವಿಂಡೋಸ್ ಎಕ್ಸ್‌ಪಿ ಅಥವಾ 7 ಇರುವ ಹಳೆಯ ಲ್ಯಾಪ್‌ಟಾಪ್ ಹುಡುಕಿ. ಅದರಲ್ಲಿ ‘1394’ ಅಥವಾ ‘ಐ.ಲಿಂಕ್’ ಎಂದು ಬರೆದ ಪುಟ್ಟ ಫೈರ್‌ವೈರ್ ಕಿಂಡಿ ಇದ್ದರೆ ಅದೇ ಸಾಕು. ಇಲ್ಲವಾದರೆ ಪಕ್ಕದಲ್ಲಿ ಕಾರ್ಡ್ ತೂರಿಸುವ ಸ್ಲಾಟ್ ಇದೆಯೇ ನೋಡಿ. ಅದು ಕಾರ್ಡ್‌ಬಸ್ ಇರಬಹುದು, ಎಕ್ಸ್‌ಪ್ರೆಸ್‌ಕಾರ್ಡ್ ಇರಬಹುದು. ಒಂದರದ್ದು ಇನ್ನೊಂದಕ್ಕೆ ಕೂರುವುದಿಲ್ಲ. ಲ್ಯಾಪ್‌ಟಾಪ್‌ನ ಮಾಡೆಲ್ ನಂಬರ್ ಹಿಡಿದು ಖಚಿತಪಡಿಸಿಕೊಂಡ ಮೇಲೆಯೇ ಫೈರ್‌ವೈರ್ ಕಾರ್ಡ್ ಕೊಳ್ಳಿ. ಎಕ್ಸ್‌ಪ್ರೆಸ್‌ಕಾರ್ಡ್ ಆದರೆ 34 ಮಿ.ಮೀ. ಅಗಲದ್ದು ತನ್ನ ಎರಡೂ ಅಳತೆಯ ಸ್ಲಾಟ್‌ಗೆ ಹೊಂದುತ್ತದೆ. ಕೇಬಲ್‌ನ ಹ್ಯಾಂಡಿಕ್ಯಾಮ್ ತುದಿ ಸಾಮಾನ್ಯವಾಗಿ 4 ಪಿನ್‌ನದು, ಕಾರ್ಡ್ ಕಡೆಯದು 4 ಅಥವಾ 6. ಹ್ಯಾಂಡಿಕ್ಯಾಮ್ ಆರಿಸಿಯೇ ಕೇಬಲ್ ಸಿಕ್ಕಿಸಿ. 6 ಪಿನ್‌ನದನ್ನು ತಿರುವುಮುರುವಾಗಿ ಒತ್ತಿದರೆ ಸರ್ಕ್ಯೂಟ್ ಸುಡಬಹುದು.

ಇನ್ನು ಕ್ಯಾಸೆಟ್. ಅದರ ಬೆನ್ನಿನ ಪುಟ್ಟ ಗುಂಡಿಯನ್ನು ‘ಸೇವ್’ ಕಡೆಗೆ ಸರಿಸಿದರೆ ಅಪ್ಪಿತಪ್ಪಿಯೂ ಅದರ ಮೇಲೆ ರೆಕಾರ್ಡ್ ಆಗದು. ಟೇಪಿನ ಮೇಲೆ ಬಿಳಿ ಬೂಷ್ಟು ಕಂಡರೆ ಮಾತ್ರ ಹ್ಯಾಂಡಿಕ್ಯಾಮ್‌ಗೆ ಹಾಕಲೇಬೇಡಿ, ತಿಳಿದವರಿಗೆ ಕೊಡಿ. ನಿಮ್ಮೂರಿನ ಮಳೆಗಾಲ ಗೊತ್ತಿರುವುದರಿಂದ ಈ ಮಾತು ಹೇಳುತ್ತಿದ್ದೇನೆ.

ಮೊದಲು ಬೇರೆ ಯಾವುದಾದರೂ ಕ್ಯಾಸೆಟ್ ಹಾಕಿ ಎಲ್ಲ ಸರಿಯಿದೆಯೇ ನೋಡಿಕೊಳ್ಳಿ. ಒಂದು ಗಂಟೆಯ ಟೇಪಿಗೆ ಒಂದು ಗಂಟೆಯೇ ಹಿಡಿಯುತ್ತದೆ, ಸುಮಾರು 13 ಜಿಬಿ ಜಾಗ ಬೇಕು. ಎಕ್ಸ್‌ಪಿಯಲ್ಲಿರುವ ವಿಂಡೋಸ್ ಮೂವಿ ಮೇಕರ್‌ನಲ್ಲಿ ‘ಡಿವಿ–ಎವಿಐ’ ಆರಿಸಿದರೆ ಟೇಪಿನಲ್ಲಿದ್ದುದು ಗುಣಮಟ್ಟ ಕುಂದದೆ ಹಾಗೇ ಬರುತ್ತದೆ. ಡಿಸ್ಕ್ ಎಫ್‌ಎಟಿ32 ಆಗಿದ್ದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಎನ್‌ಟಿಎಫ್‌ಎಸ್ ಇರಲಿ. ಮೂಲ ಫೈಲನ್ನು ಎರಡು ಡಿಸ್ಕ್‌ಗಳಲ್ಲಿಟ್ಟು, ಫೋನಿನಲ್ಲಿ ನೋಡಲು ಎಂಪಿ4 ಪ್ರತಿ ಮಾಡಿ ತಮ್ಮನಿಗೂ ಕಳಿಸಿ.

ದಯವಿಟ್ಟು ತಡಮಾಡಬೇಡಿ. ಹ್ಯಾಂಡಿಕ್ಯಾಮ್‌ನ ಹೆಡ್ಡು, ಮೋಟರು ಕೈಕೊಟ್ಟರೆ ಬಿಡಿಭಾಗ ಸಿಗುವುದು ಬಹಳ ಕಷ್ಟ.